ಸೆಲ್ ಬದಲಿಸಿದರೂ ಸಾವಕಾಶ

ಚಿಕ್ಕೋಡಿ
೧೨ ಜೂನ್ ೨೦೦೪

ಶ್ರೀಮತಿ ತ್ರಿಶಲಾ ಮಗದುಮ್ ಅವರಿಗೆ,

ಕ್ಯಾಸೆಟ್ಟಿನ ಚೀಟಿಯ ಹಿಂದೆ ‘ಅಭಿಪ್ರಾಯ ತಿಳಿಸಿರಿ’ ಎಂದು ಕಾಗವಾಡದ ವಿಳಾಸ ಹಾಕಿದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರದ ಮೊದಲಿಗೆ ‘ಕ್ಷೇಮ’ ಎಂದು ಬರೆಯಬೇಕೆಂದು ಸಾಲೆಯಲ್ಲಿ ಕಲಿಸಿದ್ದರು. ನಾನು ಕ್ಷೇಮವಾಗಿಲ್ಲ. ನಿಮ್ಮ ಕ್ಯಾಸೆಟ್ಟಿನಿಂದ ತಲೆ ಕೆಟ್ಟಿದೆ.

ನನ್ನ ಹೆಸರು ಸಂಗ್ರಾಮ. ಊರು ಏಕಸಂಬಿ. ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಎದುರು ಸೋದರಮಾವ ಬಾಳಾಸಾಬನ ಕ್ಯಾಸೆಟ್ ಅಂಗಡಿಯಲ್ಲಿ ಕೆಲಸ. ಗಿರಾಕಿಗಳು ತಮಗೆ ಬೇಕಾದ ಹಾಡುಗಳನ್ನು ಹೇಳಿ ಹೋಗುತ್ತಾರೆ, ನಾವು ಕ್ಯಾಸೆಟ್ಟಿಗೆ ತುಂಬಿಕೊಡುತ್ತೇವೆ. ಖಾಲಿ ಕ್ಯಾಸೆಟ್ ತುಟ್ಟಿ ಎಂದು ಮಾವ ಮಾರಾಟವಾಗದೆ ಬಿದ್ದವುಗಳನ್ನೇ ಬಳಸುತ್ತಾನೆ. ಕ್ಯಾಸೆಟ್ಟಿನ ಬೆನ್ನಿನ ಎರಡು ಕಿಂಡಿಗಳಿಗೆ ಚಿಕಟಪಟ್ಟಿ ಅಂಟಿಸಿದರೆ ಸಾಕು, ಹಳೆಯ ಹಾಡು ಅಳಿದು ಹೊಸದು ಕೂರುತ್ತದೆ.

ಹಾಗೆ ಅಳಿಸಲು ಕೊಟ್ಟ ಡಬ್ಬಿಯಲ್ಲಿ ನಿಮ್ಮದು ಸಿಕ್ಕಿತು. ಅಳಿಸುವ ಮುಂಚೆ ಒಮ್ಮೆ ಹಾಕಿ ಕೇಳುವುದು ನನ್ನ ಚಟ. ಕರೆಂಟ್ ಇರಲಿಲ್ಲ, ಸೆಲ್ ಮೇಲೆ ಹಾಕಿದೆ. ಹಾಡು ಎಳೆಯತೊಡಗಿತು. ಸೆಲ್ ಇಳಿದಿವೆ ಎಂದುಕೊಂಡು ಹೊಸವು ಹಾಕಿದೆ. ಹಾಗೇ ಎಳೆಯಿತು. ಬೆಲ್ಟ್ ಸಡಿಲಾಗಿರಬೇಕೆಂದು ಟೇಪ್ ಬಿಚ್ಚಿ ಬೆಲ್ಟ್ ಬದಲಿಸಿದೆ. ಹಾಗೇ ಎಳೆಯಿತು. ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿದೆ. ಬೇರೆ ಕ್ಯಾಸೆಟ್ ಹಾಕಿದರೆ ಓಡುತ್ತದೆ, ನಿಮ್ಮದು ಹಾಕಿದರೆ ಮತ್ತೆ ಕೆಸರಿನಲ್ಲಿ ಎತ್ತು ನಡೆದ ಹಾಗೆ.

ಮಾವ ಊಟ ಮಾಡಿ ಬಂದವನು ಬಾಗಿಲಲ್ಲೇ ನಿಂತು, “ಏನಲೇ ಸಂಗ್ಯಾ, ಅಂಗಡ್ಯಾಗ ಯಾರರ ಸತ್ತಾರೇನ?” ಎಂದ. ಚಹಾ ಕುಡಿಯಲು ಬಂದಿದ್ದ ಒಬ್ಬ ಬಸ್ ಡ್ರೈವರ್, “ಈ ಬಾಯಿ ಹಾಡಿನ ಒಂದ ಸಾಲ ಮುಗಸೂದ್ರಾಗ ನನ್ನ ಗಾಡಿ ರಾಯಬಾಗ ಮುಟ್ಟತೈತಿ” ಎಂದ. ಎಲ್ಲರೂ ನಕ್ಕರು. ಟೇಪ್ ಬಿಚ್ಚಿ ಕೂತವನು ನಾನು, ನನಗೆ ನಗು ಬರಲಿಲ್ಲ.

ನೇರವಾಗಿ ಕೇಳುತ್ತೇನೆ. ಕ್ಯಾಸೆಟ್ ಕೆಟ್ಟಿದೆಯೋ, ನೀವು ಹಾಡುವುದೇ ಹೀಗೋ? ಕೆಟ್ಟಿದ್ದರೆ ಬದಲಿಸಿ ಕೊಡಿ. ಹಾಡುವುದೇ ಹೀಗಾದರೆ, ಯಾಕೆ ಎಂದು ತಿಳಿಸಿ.

ಉತ್ತರದ ದಾರಿ ಕಾಯುವ, ಆದರೆ ಕಾಯುವುದು ಅಷ್ಟಾಗಿ ಬಾರದ,
ಸಂಗ್ರಾಮ


ಕಾಗವಾಡ
೨೬ ಜೂನ್ ೨೦೦೪

ಸಂಗ್ರಾಮನಿಗೆ,

ಜಯ ಜಿನೇಂದ್ರ. ನಾನು ಕಾಕಾಸಾಹೇಬ ಮಗದುಮ್, ತ್ರಿಶಲಾಳ ಗಂಡ. ನಿನ್ನ ಪತ್ರವನ್ನು ಆಕೆಗೆ ತೋರಿಸಿಲ್ಲ. ತೋರಿಸುವಂಥದ್ದೂ ಅಲ್ಲ. ಕ್ಯಾಸೆಟ್ಟಿನ ವ್ಯವಹಾರ ನೋಡುವವನು ನಾನು.

ನಿನ್ನ ಹತ್ತಿರ ಇರುವುದು ಹಳೆಯ ಮಾಲು. ಅದನ್ನು ಎಲ್ಲ ಅಂಗಡಿಗಳಿಂದ ವಾಪಸು ತರಿಸಿದ್ದೆ. ನಿಮ್ಮ ಅಂಗಡಿಯದು ಹೇಗೆ ಉಳಿಯಿತೋ ತಿಳಿಯದು. ಹೊಸ ಕ್ಯಾಸೆಟ್ಟಿನಲ್ಲಿ ಢೋಲಕಿ ಇದೆ, ಬೆಂಜೋ ಇದೆ, ಹಾಡು ಚುರುಕಾಗಿದೆ. ಬಸ್ಸಿನಲ್ಲಿ ಬರುವ ಮಂದಿಯ ಕೈಯಲ್ಲಿ ನಾಲ್ಕು ಕಳುಹಿಸಿದ್ದೇನೆ. ಹಳೆಯದನ್ನು ಅದೇ ಮಂದಿಯ ಕೈಯಲ್ಲಿ ಕೊಟ್ಟು ಕಳುಹಿಸು.

ಇನ್ನು ಮುಂದೆ ಆಕೆಯ ಹೆಸರಿಗೆ ಪತ್ರ ಬರೆಯುವುದು ಬೇಡ. ದ್ರಾಕ್ಷಿ ತೋಟದ ಕೆಲಸವೇ ನನಗೆ ಸಾಕಷ್ಟಿದೆ.

ಕಾಕಾಸಾಹೇಬ


ಚಿಕ್ಕೋಡಿ
೧೯ ಜುಲೈ ೨೦೦೪

ಕಾಕಾಸಾಹೇಬ ಅವರಿಗೆ,

ಹೊಸ ಕ್ಯಾಸೆಟ್ ಮುಟ್ಟಿದವು. ಸುಳ್ಳು ಹೇಳುವುದಿಲ್ಲ, ಬಂದ ವಾರದಲ್ಲೇ ಮೂರು ಹೋದವು. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ಅಂಗಡಿಯ ಮುಂದೆಯೇ ಹಾಕಿ ತಲೆ ಕುಣಿಸಿದ. ಮಾವನಿಗೆ ಖುಷಿ.

ನನಗೆ ಆಗಿಲ್ಲ. ಇದು ಯಾರ ದನಿ? ಹಾಡು ಅದೇ, ಆದರೆ ಮೈಗೆ ಇರುವೆ ಹತ್ತಿದ ಹುಡುಗಿ ಹಾಡಿದ ಹಾಗಿದೆ. ಒಂದು ಪದ ಬಾಯಿಂದ ಹೊರಗೆ ಬೀಳುವ ಮುಂಚೆಯೇ ಹಿಂದಿನಿಂದ ಇನ್ನೊಂದು ಬಂದು ದಬ್ಬುತ್ತದೆ.

ಎರಡನ್ನೂ ಹೋಲಿಸಿ ನೋಡೋಣವೆಂದು ಹಳೆಯದನ್ನು ಮನೆಗೆ ಒಯ್ದೆ. ತಪ್ಪಾಯಿತು. ಒಯ್ಯಬಾರದಿತ್ತು. ಹೊತ್ತು ಮುಳುಗುತ್ತಿತ್ತು, ಕರೆಂಟ್ ಹೋಗಿತ್ತು. ನಮ್ಮವ್ವ ಸಕ್ಕುಬಾಯಿ ಕಟ್ಟೆಯ ಮೇಲೆ ಬೀಡಿ ಸುತ್ತುತ್ತಿದ್ದಳು. ಆಕೆಯ ಕೈ ಎಂದೂ ನಿಲ್ಲುವುದಿಲ್ಲ, ಮಾತಾಡುವಾಗಲೂ ಇಲ್ಲ, ಬೈಯುವಾಗಲೂ ಇಲ್ಲ. ಅಂಗಳಕ್ಕೆ ಬಂದ ಬಿಸಿಲಿಗೆ ‘ಕುಂದರ’ ಎನ್ನುವ ಹಾಡೊಂದಿದೆಯಲ್ಲ, ಆ ಬಿಸಿಲಿನ ಹಾಡು ಬಂದಾಗ ಕೈ ನಿಂತಿತು.

“ಯಾರೋ ಇಕಿ?”

“ಕಾಗವಾಡದಾಕಿ ಅಂತ ಬೇ. ಯಾಕ, ಬಂದ ಮಾಡ್ಲಿ?”

“ಇರ್ಲಿ ಬಿಡೋ. ಹಾಡಿನವರು ಎಲ್ಲಾರೂ ಒದರ್ಕೋಂತ ಬಂದ ಒದರ್ಕೋಂತ ಹೋಗ್ತಾರ. ಇಕಿ ನಮ್ಮ ಮನ್ಯಾಗ ಬಂದ ಕುಂತಂಗ ಆತ ನೋಡ.”

ಅಪ್ಪ ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಹೋಗಿದ್ದಾನೆ. ಹಬ್ಬಕ್ಕೆ ಬರುತ್ತೇನೆ ಎನ್ನುತ್ತಾನೆ. ಹಬ್ಬ ಬರುತ್ತದೆ. ಅದು ಬೇರೆ ಮಾತು. ಹೇಳಬೇಕಾದದ್ದು ಏನೆಂದರೆ, ಅಂದಿನಿಂದ ಹೊತ್ತು ಇಳಿಯುತ್ತಲೇ ಅವ್ವ “ಹಚ್ಚೋ ಆಕಿನ್ನ” ಎನ್ನುತ್ತಾಳೆ. ನನಗೂ ರೂಢಿಯಾಗಿಬಿಟ್ಟಿದೆ. ಈಗ ಹಾಡು ಸಾವಕಾಶ ಅನಿಸುವುದಿಲ್ಲ, ಬಾಕಿ ಎಲ್ಲವೂ ಅವಸರ ಅನಿಸುತ್ತದೆ. ಇದರಿಂದ ನನಗೆ ಭಾರಿ ತ್ರಾಸಾಗಿದೆ. ಅಂಗಡಿಯಲ್ಲಿ ದಿನವಿಡೀ ಹಾಕುವ ಹಾಡುಗಳು ಕಿವಿಗೆ ಒದೆಯುತ್ತವೆ.

ಹಳೆಯದನ್ನು ವಾಪಸು ಕಳುಹಿಸುವುದಿಲ್ಲ. ಬೇಕಾದರೆ ನಾಲ್ಕನೆಯ ಹೊಸ ಕ್ಯಾಸೆಟ್ ತೆಗೆದುಕೊಂಡು ಹೋಗಿ.

ಒಂದು ಮಾತು. ಎರಡರಲ್ಲೂ ಹಾಡಿದವರು ಒಬ್ಬರೇನಾ?

ಸಂಗ್ರಾಮ


ಕಾಗವಾಡ
೮ ಆಗಸ್ಟ್ ೨೦೦೪

ಸಂಗ್ರಾಮನಿಗೆ,

ನಿನ್ನ ವಯಸ್ಸೆಷ್ಟು? ನಿನ್ನ ಬರವಣಿಗೆ ನೋಡಿದರೆ ಮೀಸೆ ಬಂದು ಬಹಳ ದಿನವಾಗಿಲ್ಲ. ಒಂದು ಕ್ಯಾಸೆಟ್ ವಾಪಸು ಕೊಡು ಎಂದರೆ ಇಷ್ಟು ಮಾತು.

ಹೌದು, ಇಬ್ಬರೂ ಒಬ್ಬರೇ. ಹಾಡುಗಳು ಆಕೆ ಕಟ್ಟಿದವು. ಮಿರಜಿನಲ್ಲಿ ಹಾಡು ತುಂಬಿಸುವ ಒಬ್ಬರ ಕಡೆ ತಂಬೂರಿ ಒಂದನ್ನೇ ಇಟ್ಟುಕೊಂಡು ಹಾಡಿಸಿದೆ. ಬರೀ ಹಾಡಿದ್ದು ಕ್ಯಾಸೆಟ್ಟಾಗಿ ಬಂದಾಗ ನಮ್ಮ ಮನೆಯಲ್ಲಿ ಪೇಢೆ ಹಂಚಿದ್ದೆ. ಅಂಗಡಿಗೆ ಇಟ್ಟರೆ ಯಾರೂ ಮುಟ್ಟಲಿಲ್ಲ. ಅಥಣಿಯ ಅಂಗಡಿಯವನು ನನ್ನ ಎದುರಿಗೇ, “ಸಾಹುಕಾರ್ರ, ಇದನ್ನ ಕೇಳಿದ್ರ ಮಕ್ಳ ಮಲಗ್ತಾವ, ದೊಡ್ಡವರು ಎದ್ದ ಹೋಗ್ತಾರ” ಅಂದ. ಆಕೆಯ ಹಾಡನ್ನು ಮಂದಿ ಕೇಳಬೇಕೆಂಬುದು ನನ್ನ ಹಟ. ಮಿರಜಿನವನಿಗೆ ವೇಗ ಏರಿಸು ಎಂದೆ. ವೇಗ ಏರಿಸಿ, ಮೇಲೆ ಢೋಲಕಿ, ಬೆಂಜೋ ಸೇರಿಸಿದರು. ಆಕೆಗೆ ಹೇಳಲಿಲ್ಲ. ಹೇಳದೆ ಸಂತೋಷಪಡಿಸೋಣವೆಂದು.

ಕಬ್ಬಿನ ಟ್ರ್ಯಾಕ್ಟರೊಂದು ನಮ್ಮ ಮನೆಯ ಮುಂದೆ ಆ ಹಾಡು ಹಾಕಿಕೊಂಡು ಹೋಯಿತು. ಆಕೆ ಬಾಗಿಲಿಗೆ ಬಂದು ನಿಂತು ಕೇಳಿದಳು. ಟ್ರ್ಯಾಕ್ಟರ್ ಮರೆಯಾಗುವತನಕ ನಿಂತಿದ್ದು ಒಳಗೆ ಹೋದಳು. ಈಗ ಹಾಡುವುದಿಲ್ಲ. ಕಾರಣ ಕೇಳಬೇಡ, ನಾನೂ ಕೇಳಿಲ್ಲ.

ನಮ್ಮ ಕಡೆ ಹಳೆಯದು ಒಂದೂ ಉಳಿದಿಲ್ಲ. ವಾಪಸು ಬಂದವುಗಳ ಮೇಲೆಯೇ ಹೊಸದನ್ನು ತುಂಬಿಸಿದೆ. ಮಿರಜಿನ ಮೂಲ ಟೇಪಿನ ಮೇಲೂ ಅದೇ ಕುಳಿತಿದೆ. ಕಳುಹಿಸಿಕೊಡು.

ಕಾಕಾಸಾಹೇಬ


ಏಕಸಂಬಿ
೧೯ ಸೆಪ್ಟೆಂಬರ್ ೨೦೦೪

ಕಾಕಾಸಾಹೇಬ ಅವರಿಗೆ,

ಅಂದರೆ ನಮ್ಮ ಮಾವ ಊರವರ ಹಾಡು ಅಳಿಸುತ್ತಾನೆ, ನೀವು ನಿಮ್ಮ ಹೆಂಡತಿಯದನ್ನೇ ಅಳಿಸಿದಿರಿ. ಸಿಟ್ಟು ಬಂದರೆ ಬರಲಿ. ಮುಖದ ಮೇಲೆ ಹೇಳುವ ಈ ರೋಗದಿಂದಲೇ ನಾನು ಹತ್ತನೆಯ ಇಯತ್ತೆಯಲ್ಲಿ ಸಾಲೆ ಬಿಟ್ಟವನು. ಮಾಸ್ತರರು ಫಳಿಯ ಮೇಲೆ ತಪ್ಪು ಲೆಕ್ಕ ಬರೆದರು, ತಪ್ಪು ಎಂದೆ, ಹೊರಗೆ ನಿಲ್ಲು ಎಂದರು. ಹೊರಗೆ ನಿಂತವನು ಹಾಗೇ ಬಸ್ ಸ್ಟ್ಯಾಂಡಿನತನಕ ನಡೆದುಬಿಟ್ಟೆ. ಮನೆಗೆ ಹೋದ ಮೇಲೆ ನೋಡಿದರೆ ಲೆಕ್ಕ ಮಾಸ್ತರರದೇ ಸರಿ ಇತ್ತು. ಅದನ್ನೂ ಮರುದಿನ ಹೋಗಿ ಹೇಳಿದೆ. ಆದರೆ ಒಳಗೆ ಕೂಡಲು ಮನಸ್ಸಾಗಲಿಲ್ಲ. ಆಮೇಲೆ ನಿಪ್ಪಾಣಿಯ ತಂಬಾಕಿನ ವಖಾರ, ಸಕ್ಕರೆ ಕಾರಖಾನೆಯ ಎದುರಿನ ಚಹಾ ಅಂಗಡಿ, ಇಟ್ಟಂಗಿ ಭಟ್ಟಿ. ಎಲ್ಲಿಯೂ ನಿಲ್ಲಲಿಲ್ಲ. “ನಿನ್ನ ಕುಂಡ್ಯಾಗ ಮುಳ್ಳ ಐತಿ” ಎನ್ನುತ್ತಾಳೆ ಅವ್ವ.

ಇಂಥ ನನ್ನನ್ನು ನಿಮ್ಮ ಮನೆಯವರ ಹಾಡು ಒಂದು ಜಾಗದಲ್ಲಿ ಕೂರಿಸಿತು. ಬೇರೆಯವು ಇಂಥವು ಇವೆಯೋ ಎಂದು ಮಾವನ ಡಬ್ಬಿಗಳನ್ನೆಲ್ಲ ಕೆದರಿದೆ. ಇವೆ! ರಾಯಬಾಗದ ಕಡೆಯ ಧನಪಾಲ ಎಂಬ ದರ್ಜಿಯೊಬ್ಬ ಏಕತಾರಿ ಹಿಡಿದು ಹಾಡಿದ್ದಾನೆ, ನಡುನಡುವೆ ಸುಮ್ಮನಾಗುತ್ತಾನೆ, ಕ್ಯಾಸೆಟ್ ಮುಗಿಯಿತೆಂದು ಏಳಬೇಕು, ಅಷ್ಟರಲ್ಲಿ ಮತ್ತೆ ಹಾಡುತ್ತಾನೆ. ಅಥಣಿಯ ಒಬ್ಬ ಮುದುಕಿ ಬೀಸುವ ಕಲ್ಲಿನ ಸಪ್ಪಳದ ಜೊತೆಗೇ ಹಾಡಿದ್ದಾಳೆ, ಚೀಟಿಯ ಮೇಲೆ ಸತ್ತೆವ್ವ ಎಂದಷ್ಟೇ ಇದೆ. ಯಾರು ತುಂಬಿಸಿದರೋ, ಯಾಕೆ ತುಂಬಿಸಿದರೋ. ಅಂಗಡಿಯ ಮೂಲೆಯಲ್ಲಿ ಒಂದು ಹಲಗೆ ಖಾಲಿ ಮಾಡಿಕೊಂಡು ಎಲ್ಲವನ್ನೂ ಜೋಡಿಸಿ ‘ಸಾವಕಾಶ’ ಎಂದು ಬರೆದು ಹಚ್ಚಿದ್ದೇನೆ. ಮಾವ ನೋಡಿ, “ಗಿರಾಕಿ ಬರೂದೂ ಸಾವಕಾಶ ಬಿಡ” ಎಂದ.

ನಿಮ್ಮ ಕ್ಯಾಸೆಟ್ಟನ್ನು ಮಂದಿಯ ಕೈಯಲ್ಲಿ ಕಳುಹಿಸುವುದಿಲ್ಲ. ನಿಮ್ಮ ಕೈಗೂ ಕೊಡುವುದಿಲ್ಲ, ಮತ್ತೆ ಬೆಂಜೋ ಹಚ್ಚಿಸಿದರೆ ಏನು ಗತಿ? ಹಾಡಿದವರ ಕೈಗೇ ಕೊಡುತ್ತೇನೆ. ಯಾವಾಗ ಬರಲಿ ತಿಳಿಸಿ.

ಸಂಗ್ರಾಮ


ಕಾಗವಾಡ
೧೮ ನವೆಂಬರ್ ೨೦೦೪

ಸಂಗ್ರಾಮನಿಗೆ,

ಜಯ ಜಿನೇಂದ್ರ. ನಿನಗೆ ಉತ್ತರ ಬರೆಯಬಾರದೆಂದೇ ಇದ್ದೆ. ಕಳೆದ ವಾರ ಬದುವಿನ ಖಟ್ಲೆಗೆಂದು ಚಿಕ್ಕೋಡಿ ಕೋರ್ಟಿಗೆ ಬಂದಿದ್ದೆ. ತಾರೀಖು ಮುಂದೆ ಹೋಯಿತು. ನಿಮ್ಮ ಅಂಗಡಿಯ ಪಕ್ಕದ ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತೆ. ನೀನು ಒಬ್ಬ ಗಿರಾಕಿಯೊಡನೆ ಜಗಳವಾಡುತ್ತಿದ್ದೆ.

“ಮುಂದ ಓಡಸಿ ಕೇಳಬ್ಯಾಡ್ರಿ. ಕೇಳೂದಾದ್ರ ಪೂರಾ ಕೇಳ್ರಿ, ಇಲ್ಲಾಂದ್ರ ಇಟ್ಟ ಹೋಗ್ರಿ.”

“ನಾ ರೊಕ್ಕಾ ಕೊಡಾಂವ, ನೀ ಏನ ನನಗ ಸಾಲಿ ಕಲಸ್ತೀಯೇನಲೇ?”

“ಸಾಲಿ ನನಗೂ ಬರೂದಿಲ್ರಿ.”

ಅವನು ಬೈಯುತ್ತ ಹೋದ. ನೀನು ಅವನ ಹಿಂದೆಯೇ ಹಾಡಿನ ದನಿ ಏರಿಸಿದೆ. ತ್ರಿಶಲಾಳದು. ಗಾಡಿಯವನು ಗಾಣ ನಿಲ್ಲಿಸಿದ್ದ. ಗ್ಲಾಸು ಕೈಯಲ್ಲಿ ಹಿಡಿದು ನಾನು ಪೂರಾ ಕೇಳಿದೆ. ಮಿರಜಿನಲ್ಲಿ ಹಾಡಿಸಿದ ದಿನ ನಾನು ಹೊರಗೆ ಲೆಕ್ಕ ಚುಕ್ತಾ ಮಾಡುತ್ತಿದ್ದೆ, ಒಳಗೆ ಇರಲಿಲ್ಲ. ಮನೆಯಲ್ಲಿ ಹಾಡುವ ಹೊತ್ತಿಗೆ ತೋಟದಲ್ಲಿರುತ್ತಿದ್ದೆ. ನಿಂತು ಕೇಳಿದ್ದು ಅದೇ ಮೊದಲು.

ನನ್ನ ಗುರುತು ಹೇಳಲಿಲ್ಲ. ಹೇಳಿದ್ದರೆ ನೀನು ಅಲ್ಲಿಯೇ ಶುರು ಮಾಡುತ್ತಿದ್ದೆ.

ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟಣಿ ಕೆಲಸ ಮುಗಿದಿದೆ. ಬರುವ ತಿಂಗಳು ಯಾವ ರವಿವಾರವಾದರೂ ಬಾ. ಹೊತ್ತು ಮುಳುಗುವ ಮುಂಚೆ ಬಾ, ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ಕ್ಯಾಸೆಟ್ಟನ್ನು ಆಕೆಯ ಕೈಗೇ ಕೊಡು. ನೀನು ಬರುವ ಸುದ್ದಿ ಆಕೆಗೆ ಹೇಳಿಲ್ಲ.

ಕಾಕಾಸಾಹೇಬ


ಏಕಸಂಬಿ
೯ ಡಿಸೆಂಬರ್ ೨೦೦೪

ಕಾಕಾಸಾಹೇಬ ಅವರಿಗೆ,

ನಾನು ಬರುವುದಿಲ್ಲ. ಒಯ್ಯಬೇಕಾದ ಹಾಡೇ ಉಳಿದಿಲ್ಲ.

ರವಿವಾರ ಹೊರಡುವವನಿದ್ದೆ. ಶನಿವಾರ ಅವ್ವನಿಗೆ ಬೀಡಿ ಎಲೆ ತರಲು ನಿಪ್ಪಾಣಿಗೆ ಹೋಗಿದ್ದೆ. ಕ್ಯಾಸೆಟ್ಟನ್ನು ಕಾಗದದಲ್ಲಿ ಸುತ್ತಿ ಅಂಗಡಿಯ ಮೇಜಿನ ಖಣದಲ್ಲಿ ಇಟ್ಟಿದ್ದೆ. ಮದುವೆಯ ಹಳದಿ ಕಾರ್ಯಕ್ಕೆಂದು ಯಾರೋ ಅರ್ಜೆಂಟ್ ಹಾಡು ತುಂಬಿಸಲು ಬಂದರಂತೆ. ಡಬ್ಬಿಯಲ್ಲಿದ್ದ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ನಾನು ‘ಸಾವಕಾಶ’ದ ಹಲಗೆಗೆ ಏರಿಸಿ ಇವನ್ನು ಮುಟ್ಟಬೇಡ ಎಂದಿದ್ದೆ. ಮಾವ ಹಲಗೆಯನ್ನು ಮುಟ್ಟಲಿಲ್ಲ. ಮಾತಿಗೆ ನಿಂತ. ಖಣ ತೆಗೆದು, ಅಲ್ಲಿದ್ದುದಕ್ಕೆ ಚಿಕಟಪಟ್ಟಿ ಅಂಟಿಸಿದ.

ನಾನು ಬಂದಾಗ ಎರಡನೆಯ ಬಾಜು ಪೂರಾ ಹೋಗಿತ್ತು. ಬಿಸಿಲಿನ ಹಾಡು ಇದ್ದದ್ದು ಅದರಲ್ಲೇ. ಮೊದಲ ಬಾಜು ಉಳಿದಿದೆ.

“ನೀ ಹಲಿಗಿ ಮುಟಬ್ಯಾಡ ಅಂದಿ, ಮುಟ್ಟಿಲ್ಲ. ಖಣಾ ಮುಟಬ್ಯಾಡ ಅಂದಿದ್ದೇನ?” ಎಂದ ಮಾವ. ನಿಜ, ಅಂದಿರಲಿಲ್ಲ. ಹಲಗೆಯ ಮೇಲೆ ಬಿಟ್ಟಿದ್ದರೆ ಉಳಿಯುತ್ತಿತ್ತು. ಜೋಪಾನ ಮಾಡಲು ಹೋಗಿ ಕಳೆದೆ. ಮಾವನೊಡನೆ ಜಗಳ ಮಾಡಿ ಅಂಗಡಿ ಬಿಟ್ಟೆ. ಬೇರೆ ಹಾಡಿನ ಕ್ಯಾಸೆಟ್ ಕೊಟ್ಟು ‘ಇದೇ ಅದು’ ಎನ್ನಲು ಬಾರದು, ಮಳೆಗೆ ನೆನೆಯಿತು, ಬಸ್ಸಿನಲ್ಲಿ ಬಿತ್ತು ಎಂದು ಕತೆ ಕಟ್ಟಲೂ ಬಾರದು. ಆದದ್ದು ಹೀಗೆ. ಅಂದು ಜೂನಿನಲ್ಲೇ ನೀವು ಕೇಳಿದಾಗ ಕೊಟ್ಟಿದ್ದರೆ ಎಂದು ನೀವು ಹೇಳುತ್ತೀರಿ. ಹೇಳಿ.

ಅವ್ವ ಹೊತ್ತು ಇಳಿದ ಮೇಲೆ ತಾನೇ ಗುನುಗುತ್ತ ಬೀಡಿ ಸುತ್ತುತ್ತಾಳೆ. ಅದನ್ನು ಕೇಳಲಾಗದೆ ನಾನು ಊರ ಹೊರಗೆ ತಿರುಗಾಡಿ ಬರುತ್ತೇನೆ.

ಸಂಗ್ರಾಮ


ಕಾಗವಾಡ
೩ ಜನವರಿ ೨೦೦೫

ಸಂಗ್ರಾಮನಿಗೆ ಆಶೀರ್ವಾದಗಳು.

ನಾನು ತ್ರಿಶಲಾ. ನೀನು ಜೂನಿನಲ್ಲಿ ನನ್ನ ಹೆಸರಿಗೆ ಬರೆದ ಪತ್ರ ನನಗೆ ಹೊಸ ವರ್ಷಕ್ಕೆ ಮುಟ್ಟಿತು. ನಿನ್ನ ಕೊನೆಯ ಪತ್ರ ಬಂದ ಮೇಲೆ ಇವರು ಎಷ್ಟೋ ದಿನ ಊಟ ಸರಿಯಾಗಿ ಮಾಡಲಿಲ್ಲ. ಒಂದು ದಿನ ಎಲ್ಲ ಪತ್ರ ತಂದು ನನ್ನ ಮುಂದೆ ಇಟ್ಟು, ಅವುಗಳಿಗೆ ತಾವು ಏನು ಬರೆದರೆಂದು ಒಂದೊಂದಾಗಿ ಹೇಳಿ, ತೋಟಕ್ಕೆ ಹೊರಟುಹೋದರು. ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮವರು ಮನೆಮನೆಗೆ ಹೋಗಿ ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳಿ ಕೈಮುಗಿಯುತ್ತಾರೆ. ಈ ಸಲ ಊರಿಗೆಲ್ಲ ಕೈಮುಗಿದು ಬಂದವರು ನನ್ನ ಮುಂದೆ ನಿಂತು “ನೀರ ಕೊಡ” ಎಂದರು. ಅವರ ಸ್ವಭಾವ ಅಷ್ಟು. ಈ ಪತ್ರಗಳನ್ನು ಇಟ್ಟುಹೋದದ್ದು ಅವರ ಮಟ್ಟಿಗೆ ದೊಡ್ಡದು.

ಆದರೆ ನನಗೆ ನಿಮ್ಮಿಬ್ಬರ ಮೇಲೂ ಸಿಟ್ಟಿದೆ. ಒಬ್ಬರು ಕೊಡು ಎಂದರು, ಒಬ್ಬ ಕೊಡುವುದಿಲ್ಲ ಎಂದ. ಆರು ತಿಂಗಳು ಗಂಡಸರಿಬ್ಬರು ಒಂದು ಪ್ಲಾಸ್ಟಿಕ್ ಡಬ್ಬಿಗಾಗಿ ಜಗ್ಗಾಡಿದಿರಿ. ಹಾಡಿದವಳು ಒಳಗಿನ ಖೋಲಿಯಲ್ಲಿ ಬದುಕಿದ್ದಾಳೆಂಬುದು ಇಬ್ಬರಿಗೂ ಹೊಳೆಯಲಿಲ್ಲವೇ?

ಜೂನಿನಲ್ಲಿ ಕೇಳಿದ್ದೆ, ಹೀಗೆ ಹಾಡುವುದು ಯಾಕೆ ಎಂದು. ನಮ್ಮ ಮನೆಯಲ್ಲಿ ಊಟ ಹೊತ್ತಿದ್ದಾಗಲೇ ಮುಗಿಯುತ್ತದೆ. ಪಾತ್ರೆ ತೊಳೆದಾಗಿರುತ್ತದೆ, ದೀಪ ಹಚ್ಚುವ ಹೊತ್ತು ಇನ್ನೂ ಆಗಿರುವುದಿಲ್ಲ. ಬೆಳಗಿನಿಂದ ಸಂಜೆಯತನಕ ಯಾರಾದರೂ ಏನಾದರೂ ಕೇಳುತ್ತಲೇ ಇರುತ್ತಾರೆ, ಆ ಹೊತ್ತಿನಲ್ಲಿ ಮಾತ್ರ ಯಾರೂ ಏನೂ ಕೇಳುವುದಿಲ್ಲ. ನನ್ನ ಹಾಡು ಆ ಹೊತ್ತಿನದು. ಅದಕ್ಕೆ ಓಡಿ ಮುಟ್ಟಬೇಕಾದ ಊರಿಲ್ಲ.

ಟ್ರ್ಯಾಕ್ಟರಿನ ದಿನದಿಂದ ಆ ಹೊತ್ತಿನಲ್ಲಿ ಅಕ್ಕಿ ಆರಿಸುತ್ತಿದ್ದೇನೆ. ಬಿಸಿಲಿನ ಹಾಡನ್ನು ಹಟದಿಂದ ಮರೆತೆ. ನೆನಪಾದಾಗಲೆಲ್ಲ ಬೇರೆ ಏನನ್ನಾದರೂ ಎಣಿಸಿ ಮರೆತೆ. ಈಗ ಕರೆದರೆ ಬರುವುದಿಲ್ಲ. ಮೊದಲ ಎರಡು ಸಾಲು ಬರುತ್ತವೆ, ಮುಂದೆ ಕತ್ತಲೆ.

ನಿನ್ನ ತಾಯಿ ಗುನುಗುತ್ತಾರೆ ಎಂದು ಬರೆದಿದ್ದೀ. ಊರ ಹೊರಗೆ ತಿರುಗಾಡುವುದನ್ನು ಬಿಟ್ಟು ಅವರ ಪಕ್ಕದಲ್ಲಿ ಕುಳಿತು ಕೇಳು. ಬರೆದು ಕಳುಹಿಸು.

ತ್ರಿಶಲಾ


ಏಕಸಂಬಿ
೩೦ ಜನವರಿ ೨೦೦೫

ತ್ರಿಶಲಾ ಕಾಕು ಅವರಿಗೆ,

ನನಗೆ ಇದಕ್ಕಿಂತ ಇಟ್ಟಂಗಿ ಹೊರುವ ಕೆಲಸ ಹೇಳಿದ್ದರೆ ಚಲೋ ಇತ್ತು. ಸಾಲೆಯಲ್ಲಿ ನನಗೆ ಬಾರದೆ ಇದ್ದದ್ದೇ ಕೇಳಿ ಬರೆಯುವುದು. ಅವ್ವನಿಗೆ ಹೇಳು ಎಂದರೆ ಹೇಳಲು ಬಾರದು, ಹಾಡಲು ಮಾತ್ರ ಬರುತ್ತದೆ. ಹಾಡುವಾಗ ನಿಲ್ಲಿಸು ಎಂದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ. “ನಡಕ ಹಿಡದ ಎಬ್ಬಸಿದ್ರ ಹಾಡ ಹೆಂಗ ಎದ್ದೀತೋ?” ಎನ್ನುತ್ತಾಳೆ. ಬರೆದು ಹೊಡೆದುಹಾಕಿ, ಬರೆದು ಹೊಡೆದುಹಾಕಿ ಕೊನೆಗೆ ಇದಾಯಿತು.

ಅಂಗಳಕ ಬಿಸಲ ಬಂತ, ಕುಂದರ ಅಂದೆ
ನಿಂತ ನಿಂತ ಹೊಂಟಿತ್ತ, ನೀರ ಕುಡಿ ಅಂದೆ
ಹೊಳ್ಳಿ ಬರತಿಯೇನ ಅಂತ ಕೇಳಲಿಲ್ಲ
ಬರಾಂವಗ ಹಂಗ ಯಾರೂ ಕೇಳೂದಿಲ್ಲ

ಇಲ್ಲಿಯತನಕ ನನಗೂ ಅವ್ವನಿಗೂ ಜಗಳವಿಲ್ಲ. ಕೊನೆಯ ಸಾಲಿಗೆ ಜಗಳವಿದೆ. ‘ಕದಾ ಮುಚ್ಚಿ ಒಳಗ ಬಂದೆ, ದೀಪ ಹಚ್ಚಿದೆ’ ಎಂದು ನನ್ನ ನೆನಪು. ಅವ್ವ ‘ಕದಾ ಹಂಗ ಬಿಟ್ಟ ಬಂದೆ, ದೀಪ ಹಚ್ಚಿದೆ’ ಎಂದೇ ಹಾಡುತ್ತಾಳೆ. ಕ್ಯಾಸೆಟ್ಟಿನಲ್ಲಿ ಹಾಗಿರಲಿಲ್ಲ ಬೇ ಎಂದರೆ, “ನಿನ್ನ ಕ್ಯಾಸೆಟ್ ಎಲ್ಲೈತಿ, ತಂದ ತೋರಸ” ಎಂದು ಬಾಯಿ ಮುಚ್ಚಿಸಿದಳು. ಅದಕ್ಕೇ ಎರಡನ್ನೂ ಬರೆದಿದ್ದೇನೆ.

ರಾಗ ಬರೆಯಲು ನನಗೆ ಬಾರದು. ಆದರೆ ‘ನೀರ ಕುಡಿ’ ಆದ ಮೇಲೆ ನೀವು ಸುಮ್ಮನಾಗುತ್ತೀರಿ. ಸೆಲ್ ಸತ್ತವೆಂದು ನಾನು ಮೊದಲು ಟೇಪ್ ಬಡಿದದ್ದು ಆ ಜಾಗದಲ್ಲೇ. ಅಲ್ಲಿ ತಂಬೂರಿ ಒಂದೇ ಇರುತ್ತದೆ, ಹೊರಗೆ ದೂರದಲ್ಲಿ ಯಾರೋ ಸೈಕಲ್ ಗಂಟೆ ಹೊಡೆಯುತ್ತಾರೆ. ಆಮೇಲೆ ನೀವು ಉಸಿರು ತೆಗೆದುಕೊಳ್ಳುವುದು ಕೇಳಿಸುತ್ತದೆ. ‘ಹೊಳ್ಳಿ’ ಎನ್ನುವುದನ್ನು ಮೇಲಿನಿಂದ ಹಿಡಿಯುವುದಿಲ್ಲ, ಕೆಳಗಿನಿಂದ ಏರುತ್ತೀರಿ, ಬಾವಿಯಿಂದ ಕೊಡ ಸೇದಿದ ಹಾಗೆ. ಅದೂ ತುಂಬಿದ ಕೊಡ, ಚೆಲ್ಲಬಾರದು.

ಇಷ್ಟೇ ನನ್ನ ಹತ್ತಿರ ಇರುವುದು.

ಸಂಗ್ರಾಮ


ಕಾಗವಾಡ
೧೦ ಏಪ್ರಿಲ್ ೨೦೦೫

ಸಂಗ್ರಾಮನಿಗೆ ಆಶೀರ್ವಾದಗಳು.

ದ್ರಾಕ್ಷಿಯನ್ನು ಮಣೂಕಕ್ಕೆ ಒಣಹಾಕುವ ಕೆಲಸದಲ್ಲಿ ತಡವಾಯಿತು. ಕೊನೆಯ ಸಾಲು ನಿನ್ನದೇ ಸರಿ. ನಾನು ಕಟ್ಟಿದ್ದು ಕದ ಮುಚ್ಚುವ ಸಾಲನ್ನೇ. ನಿನ್ನ ತಾಯಿ ಕದ ಹಾಗೇ ಬಿಟ್ಟಿದ್ದಾರೆ. ಯಾಕೆ ಎಂದು ಕೇಳುವುದಿಲ್ಲ. ಇನ್ನು ಮುಂದೆ ನಾನೂ ಅವರ ಸಾಲನ್ನೇ ಹಾಡುತ್ತೇನೆಂದು ಅವರಿಗೆ ಹೇಳು.

‘ನೀರ ಕುಡಿ’ ಆದ ಮೇಲಿನ ಜಾಗ ಓದಿದಾಗ ಮುಂದಿನದು ತಾನೇ ಬಂತು. ಪದಗಳಿಂದ ಬರಲಿಲ್ಲ, ಆ ಸೈಕಲ್ ಗಂಟೆಯಿಂದ ಬಂತು.

ಮನೆಯ ಟೇಪಿನಲ್ಲೇ ಹಾಡಿ ತುಂಬಿದ್ದೇನೆ. ಮಿರಜಿಗೆ ಹೋಗಲಿಲ್ಲ. ಎರಡನೆಯ ಬಾಜಿನ ಹಾಡುಗಳೆಲ್ಲ ಇವೆ, ಬಿಸಿಲಿನದು ಕೊನೆಗೆ. ಅದನ್ನು ಹಾಡುವಾಗ ಇವರು ತೋಟದಿಂದ ಬೇಗ ಬಂದರು. ಚಪ್ಪಲಿ ಸಹ ಬಿಡದೆ ಬಾಗಿಲಲ್ಲೇ ನಿಂತರು. ಹಾಡು ಮುಗಿದ ಮೇಲೆ, “ಇದನ್ನ ಆ ಹುಡುಗಗ ಕಳಸಬೇಕ” ಎಂದರು. ಯಾರೂ ಅಳಿಸಬಾರದೆಂದು ಕಿಂಡಿಯ ಚಕ್ಕೆಗಳನ್ನು ಅವರೇ ಮುರಿದಿದ್ದಾರೆ. ಈ ಪತ್ರದ ಕೆಳಗೆ ಎರಡು ಸಾಲು ಬರೆಯಲು ಕೇಳುತ್ತಿದ್ದಾರೆ.

ತ್ರಿಶಲಾ

ಚಿಕಟಪಟ್ಟಿಯ ಸಮೀಪ ಇದನ್ನು ಇಡಬೇಡ. ಖಣದಲ್ಲ, ಹಲಗೆಯಲ್ಲ, ಎಲ್ಲಿಯೂ ಮಾವನ ಕೈಗೆ ಸಿಗದಂತೆ ಇಡು.
ಕಾಕಾಸಾಹೇಬ


ಏಕಸಂಬಿ
೨೪ ಏಪ್ರಿಲ್ ೨೦೦೫

ತ್ರಿಶಲಾ ಕಾಕು ಅವರಿಗೆ,

ಕ್ಯಾಸೆಟ್ ಮುಟ್ಟಿತು. ತಂದ ದಿನವೇ ಹೊತ್ತು ಇಳಿಯುವತನಕ ತಡೆದು, ಅವ್ವ ಕಟ್ಟೆಯ ಮೇಲೆ ಕೂತ ಮೇಲೆ ಹಚ್ಚಿದೆ. ತನ್ನ ಸಾಲು ಬಂದಾಗ ಅವ್ವ ಬೀಡಿಯ ಮೊರ ಕೆಳಗಿಟ್ಟಳು. ಒಳಗೆ ಹೋಗಿ ಚಹಾಕ್ಕಿಟ್ಟಳು. ಸಕ್ಕರೆ ಹಾಕುವುದನ್ನು ಮರೆತಿದ್ದಳು. ನಾನು ಹೇಳಲಿಲ್ಲ. ಹೇಳಬೇಕಾದದ್ದನ್ನು ಹೇಳದೆ ಬಿಟ್ಟದ್ದು ನನಗೆ ನೆನಪಿರುವಂತೆ ಇದೇ ಮೊದಲು.

ಮಾವ ಬಾ ಎಂದು ಹೇಳಿ ಕಳುಹಿಸಿದ್ದ. ಹಲಗೆಯ ಮೇಲಿನ ಸತ್ತೆವ್ವನದು ಒಂದು, ಏಕತಾರಿಯವನದು ಎರಡು ಹೋಗಿವೆಯಂತೆ. “ಹುಚ್ಚರು ಇದ್ದಾರಲೇ ಊರಾಗ” ಎಂದ. ಖಣಕ್ಕೆ ಕೀಲಿ ಹಾಕಿಸಿದರೆ ಬರುತ್ತೇನೆ ಎಂದಿದ್ದೇನೆ. ಹಾಕಿಸಿದ್ದಾನೆ.

ಈಗ ಈ ಪತ್ರ ಬರೆದ ಕಾರಣಕ್ಕೆ ಬರುತ್ತೇನೆ. ಬಿಸಿಲಿನ ಹಾಡು ಅವಸರದಲ್ಲಿ ಓಡುತ್ತಿದೆ. ಮೊದಲೆರಡು ಸಾಲು ಸರಿ ಇವೆ. ‘ನೀರ ಕುಡಿ’ ಆದ ಮೇಲೆ ನೀವು ನಿಲ್ಲಲೇ ಇಲ್ಲ, ಉಸಿರು ಸಹ ತೆಗೆದುಕೊಳ್ಳದೆ ‘ಹೊಳ್ಳಿ’ಗೆ ಹಾರಿದ್ದೀರಿ. ಕೊಡದ ಅರ್ಧ ನೀರು ಚೆಲ್ಲಿತು. ಸೆಲ್ ಹೊಸವು, ಜೋರಿನಿಂದ ಓಡಿಸುತ್ತಿರಬೇಕೆಂದು ತೆಗೆದು ಹಳೆಯ ಸೆಲ್ ಹಾಕಿದೆ. ಆದರೂ ಓಡಿತು. ಬೆಲ್ಟ್ ನೋಡಿದೆ. ಬೆಲ್ಟ್ ಸರಿ ಇದೆ. ಇಷ್ಟು ದಿನ ಕಾಯಿಸಿ ಹೀಗೆ ಮಾಡುವುದೇ?

ಆಮೇಲೆ ನಿಮ್ಮ ಪತ್ರವನ್ನು ಮತ್ತೆ ಓದಿದೆ. ಆ ಜಾಗಕ್ಕೇ ಕಾಕಾಸಾಹೇಬರು ಬಾಗಿಲಿಗೆ ಬಂದಿರಬೇಕು. ಕಿವಿ ಹಚ್ಚಿ ಕೇಳಿದರೆ ಚಪ್ಪಲಿಯ ಸಪ್ಪಳವೂ ಇದೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತವರ ಮುಂದೆ ಯಾರಿಗಾದರೂ ಅವಸರ ಆಗುತ್ತದೆ.

ಇನ್ನೊಮ್ಮೆ ಹಾಡಬೇಕು. ಬರುವ ರವಿವಾರ ಟೇಪ್ ತೆಗೆದುಕೊಂಡು ನಾನೇ ಬರುತ್ತೇನೆ, ಹೊತ್ತು ಮುಳುಗುವ ಮುಂಚೆ, ಊಟಕ್ಕೆ. ಅವ್ವನೂ ಬರುತ್ತಾಳೆ. ಬಿಸಿಲಿಗೆ ಕುಂದರ ಎಂದವರು ಗಂಡನಿಗೂ ಒಂದು ಮಾತು ಹೇಳಿರಿ.

ನಿಮ್ಮ,
ಸಂಗ್ರಾಮ